ಒಂದೇ ಸಲ ಓಡುವ ಟೇಪು

ಅಮಾವಾಸ್ಯೆಯ ದಿನ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಗಳಿಗೆ ರಜೆ. ಮಹಾದೇವಪ್ಪನ ಗೆಳೆಯರು ತಮ್ಮ ಬೈಠಕ್ಕಿಗೆ ಆ ದಿನವನ್ನೇ ಹಿಡಿದದ್ದು ಅದಕ್ಕೆ. ಮಗ್ಗ ಸುಮ್ಮನಿದ್ದರೆ ಹಾಡು ನೆಟ್ಟಗೆ ಕೇಳುತ್ತದೆ. ರೋಣದಿಂದ ಕಾಶೀಂಸಾಬ, ಅಬ್ಬಿಗೇರಿಯಿಂದ ಸಿದ್ದರಾಮೇಶ ಮಾಸ್ತರ, ಇಬ್ಬರೂ ಚೀಲದ ತುಂಬ ಹಳೆ ಕ್ಯಾಸೆಟ್ಟು ಹೊತ್ತು ಬರುತ್ತಿದ್ದರು. ಯಾವ ಊರಿನ ಭಜನಾ ಮೇಳ ಚಲೋ, ಮೊಹರಮ್ಮಿನ ಪದ ಹಾಡುವುದರಲ್ಲಿ ಯಾವ ಮೇಳದ್ದು ಗಟ್ಟಿ ದನಿ, ಯಾರ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿದೆ, ಇಷ್ಟೇ ಅವರ ಲೋಕ. ಮೂವರು ಗಂಡಸರು ಸಂಜೆಯವರೆಗೆ ಜಗಳಾಡುತ್ತಿದ್ದರು, ಸುಶೀಲವ್ವ ಸಂಜೆಯವರೆಗೆ ಚಹಾ ಕಾಸುತ್ತಿದ್ದಳು.

ಮಹಾದೇವಪ್ಪ ತೀರಿಕೊಂಡ ಮೇಲೆ ಇದು ಮೂರನೆಯ ಅಮಾವಾಸ್ಯೆ. ಗೆಳೆಯರಿಬ್ಬರೂ ಬಂದು ಪಡಸಾಲೆಯಲ್ಲಿ ಕೂತರು. ಅವನು ಕೂರುತ್ತಿದ್ದ ಗೋಡೆಯ ಪಕ್ಕದ ಜಾಗವನ್ನು ಮಾತ್ರ ಬಿಟ್ಟು ಕೂತರು.

ಸುಶೀಲವ್ವನಿಗೆ ಏನೂ ಅನಿಸಲಿಲ್ಲ. ಮೂರು ತಿಂಗಳಿಂದ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ದಿನವೆಲ್ಲ ಕೂತು ಎದ್ದಾಗ ಕಾಲಿಗೆ ಜೋಮು ಹಿಡಿದಿರುತ್ತದಲ್ಲ, ಅಂಥ ಜೋಮು ಮೈಗೆಲ್ಲ ಹತ್ತಿ ಇಳಿಯದೆ ಕೂತಿತ್ತು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಹದಿಮೂರನೆಯ ದಿನಕ್ಕೇ ಮಗ್ಗಕ್ಕೆ ಇಳಿದಳು ಎಂದು ಓಣಿಯ ಹೆಂಗಸರು ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬಟ್ಟೆ ತುರುಕಲಾಗುತ್ತದೆಯೇ? ಅವಳಿಗಂತೂ ಬೇಜಾರಾಗಲಿಲ್ಲ. ಅವರು ಹೇಳಿದ್ದು ಖರೇನೇ ಇತ್ತು.

ಕಾಶೀಂಸಾಬ ಗಂಟಲು ಸರಿಮಾಡಿಕೊಂಡ. ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ರೇಡಿಯೋ ರಿಪೇರಿ ಅಂಗಡಿ. ಈಗ ಮಿಕ್ಸರ್ ರಿಪೇರಿಯಿಂದಲೇ ಹೊಟ್ಟೆ ತುಂಬುವುದು, ಬೋರ್ಡಿನಲ್ಲಿ ಮಾತ್ರ ಇನ್ನೂ ರೇಡಿಯೋ ಇದೆ.

"ತಂಗೆವ್ವ, ಆ ಹೊಳೆಮಣ್ಣೂರಿನ ಟೇಪು ಸಿಕ್ಕತೇನವಾ?"

ಎರಡು ಅಮಾವಾಸ್ಯೆಯೂ ಅವನು ಇದನ್ನೇ ಕೇಳಿದ್ದ. ಎರಡು ಸಲವೂ ಅವಳು ಸಿಕ್ಕಿಲ್ಲ ಎಂದಿದ್ದಳು. ಅದು ಸುಳ್ಳು. ಟೇಪು ಅವಳ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇತ್ತು.

"ಇಮಾಮಸಾಬ ಹಾಸಿಗಿ ಹಿಡದಾನ," ಎಂದ ಕಾಶೀಂಸಾಬ. "ಎಂಬತ್ತು ದಾಟ್ಯಾವ. ಆ ಮೇಳದಾಗ ಉಳದಾಂವ ಅವನೊಬ್ಬನ. ತನ್ನ ದನಿ ಒಮ್ಮೆ ಕೇಳಬೇಕು ಅಂತ ಒಂದೇ ಸಮನ ಹಟ ಹಿಡದಾನ."

ಆ ಟೇಪಿನ ಕತೆ ಇಷ್ಟು. ಮೂವತ್ತೈದು ವರ್ಷದ ಹಿಂದೆ ಹೊಳೆಮಣ್ಣೂರಿನ ಮೊಹರಮ್ಮಿನಲ್ಲಿ ಇಮಾಮಸಾಬನ ಮೇಳ ಹಾಡಿದ್ದನ್ನು ಯಾರೋ ಒಂದು ಕ್ಯಾಸೆಟ್ಟಿಗೆ ತುಂಬಿದ್ದರು. ಮಲಪ್ರಭೆ ಊರೊಳಗೆ ಬಂದ ವರ್ಷ ಅದು ನೀರಿನಲ್ಲಿ ನೆನೆದು, ಕೆಸರು ಕುಡಿದು, ಬೂಸಲು ಹಿಡಿದಿತ್ತು. ಕಾಶೀಂಸಾಬ ಅದನ್ನು ಬಿಚ್ಚಿ, ಗೇಣು ಗೇಣಾಗಿ ಒರೆಸಿ, ನೆರಳಿನಲ್ಲಿ ಒಣಗಿಸಿ ಮಹಾದೇವಪ್ಪನ ಕೈಗೆ ಕೊಟ್ಟಿದ್ದ. "ಒಂದ ಸಲ ಓಡತೈತಿ. ಎರಡನೇ ಸಲ ಓಡಿಸಿದ್ರ ಬರೇ ಪುಡಿ. ನಡುವ ನಿಲ್ಲಿಸಿದ್ರೂ ಹರೀತೈತಿ. ಬ್ಯಾರೆ ಕ್ಯಾಸೆಟ್ಟಿಗೆ ತುಂಬಕೊ, ವೈರ್ ಹಚ್ಚಿ ತುಂಬು" ಎಂದು ಹತ್ತು ಸಲ ಹೇಳಿದ್ದ.

ಮಹಾದೇವಪ್ಪ ವೈರ್ ಹಚ್ಚುವ ಪೈಕಿಯವನಲ್ಲ. ವೈರಿನೊಳಗಿಂದ ಬಂದ ಹಾಡು ಸಪ್ಪೆ, ಗಾಳಿಯಲ್ಲಿ ಬಂದ ಹಾಡಿಗೆ ರುಚಿ ಎಂದು ಅವನ ವಾದ. ಎರಡು ಟೇಪ್ ರೆಕಾರ್ಡರನ್ನು ಎದುರುಬದುರು ಇಟ್ಟು, ಒಂದರಲ್ಲಿ ಹಾಡು ಹಚ್ಚಿ, ಇನ್ನೊಂದರ ಮೈಕು ತೆರೆದು ತುಂಬಿಕೊಳ್ಳುತ್ತಿದ್ದ. ಹಾಗಾಗಿ ಅವನು ತುಂಬಿದ ಪ್ರತಿ ಕ್ಯಾಸೆಟ್ಟಿನಲ್ಲೂ ಹಿಂದೆ ಎಲ್ಲೋ ಸುಶೀಲವ್ವನ ಮಗ್ಗ ಖಟಕ್ ಖಟಕ್ ಅನ್ನುತ್ತಿತ್ತು. ಗೆಳೆಯರು ಈ ಸಲುವಾಗಿ ಅವನನ್ನು ಎಷ್ಟು ಕಾಡಿಸಿದರೂ ಮನುಷ್ಯ ಜಪ್ಪಯ್ಯ ಅನ್ನಲಿಲ್ಲ.

ಆದರೆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಟೇಪು ತುಂಬುವಾಗ ಯಾರೂ ಬಾಯಿ ಬಿಡಬಾರದು, ಅವನೂ ಬಿಡುತ್ತಿರಲಿಲ್ಲ. ಏನಾದರೂ ಬೇಕಾದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಪಡಸಾಲೆಯ ಗೋಡೆಗೆ ಸೇರಿದ ಕಟ್ಟಿಗೆಯ ಕಂಬಕ್ಕೆ ಬಡಿಯುತ್ತಿದ್ದ. ಬಡಿತ ತಾಳದೊಳಗೆ ಮುಚ್ಚಿಹೋಗುತ್ತದೆ, ಮಾತು ಮುಚ್ಚಿಹೋಗುವುದಿಲ್ಲ ಎನ್ನುತ್ತಿದ್ದ. ಒಂದು ಬಡಿತಕ್ಕೆ ಚಹಾ. ಎರಡು ಬಡಿತಕ್ಕೆ ಮಗ್ಗ ನಿಲ್ಲಿಸು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಎರಡರಲ್ಲೇ ಅವರ ಕೆಲಸ ಸಾಗಿತ್ತು.

ಸುಶೀಲವ್ವ ಎದ್ದು ಒಳಗೆ ಹೋಗಿ ಟ್ರಂಕು ತೆಗೆದಳು. ಕೊಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೊಡದೆ ಇದ್ದರೆ ಆ ಮುದುಕ ತನ್ನ ದನಿ ಕೇಳದೆಯೇ ಹೋಗುತ್ತಾನೆ. ಕೇಳಿದ್ದು ಸಿಗದೆ ಒಬ್ಬರು ಹೋದದ್ದು ಸಾಕು ಅನಿಸಿತು. ಮೂಲದ್ದು ಆಗಲೇ ಪುಡಿಯಾಗಿತ್ತು, ಮಹಾದೇವಪ್ಪ ಅದರಿಂದ ತುಂಬಿದ್ದ ಕ್ಯಾಸೆಟ್ಟನ್ನು ತಂದು ಕಾಶೀಂಸಾಬನ ಮುಂದಿಟ್ಟಳು.

"ಇಲ್ಲೇ ಹಚ್ರಿ, ಅಣ್ಣಾರ. ನಾನೂ ಕೇಳತೀನಿ."

ಮಾಸ್ತರ ಮಹಾದೇವಪ್ಪನ ಟು-ಇನ್-ಒನ್ನಿನ ಧೂಳು ಒರೆಸಿ ಗುಂಡಿ ಒತ್ತಿದ. ಮೊದಲು ಬರೀ ಸುಯ್ ಅನ್ನುವ ಸದ್ದು. ಆಮೇಲೆ ಹಲಗೆಯ ಪೆಟ್ಟು, ಅದರ ಮೇಲೆ ಇಮಾಮಸಾಬನ ಅಂದಿನ ಗಟ್ಟಿ ದನಿ ಎದ್ದಿತು. ಕಾಶೀಂಸಾಬ "ಆಹಾ" ಎಂದು ಕಣ್ಣು ಮುಚ್ಚಿದ. ಹಿಂದೆಯೇ ಖಟಕ್ ಖಟಕ್ ಶುರುವಾಯಿತು.

"ಹಚ್ಚಿಲ್ಲ ನೋಡು ವೈರು," ಎಂದು ಕಣ್ಣು ತೆರೆದ. "ಇಂಥಾ ಟೇಪಿಗೂ ಹಚ್ಚಲಿಲ್ಲ ಮಾರಾಯ!"

"ಚಿಂತಿ ಬ್ಯಾಡ್ರಿ, ಕಾಶೀಂಭಾಯಿ," ಎಂದ ಮಾಸ್ತರ. "ಕಂಪ್ಯೂಟರಿನ್ಯಾಗ ಹಾಕಿ ಈ ಖಟಖಟ ಎಲ್ಲಾ ತಗದ ಬಿಡತೀನಿ. ಹಾಡಷ್ಟ ಉಳೀತೈತಿ."

ಸುಶೀಲವ್ವ ಬಾಗಿಲ ಹೊಸ್ತಿಲಲ್ಲಿ ಕೂತಿದ್ದಳು. ಮಹಾದೇವಪ್ಪ ಈ ಟೇಪು ತುಂಬಿದ್ದು ತಾನು ತೀರಿಕೊಂಡ ದಿನ. ಅವತ್ತು ಅವಳು ಸೆರಗು ಮುಗಿಸಲೇಬೇಕಿತ್ತು, ಮರುದಿನ ಬೆಳಿಗ್ಗೆ ಸೀರೆ ಒಯ್ಯಲು ಸಾಹುಕಾರರ ಮನುಷ್ಯ ಬರುವವನಿದ್ದ. ಇವತ್ತು ಮಗ್ಗ ನಿಲ್ಲಿಸುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಆಯ್ತು, ಬ್ಯಾಡ ಬಿಡು ಎಂದು ಅವನೂ ಒಪ್ಪಿದ್ದ.

ಮೂರನೆಯ ಪದದ ನಡುವೆ ಅದು ಬಂತು. ಟಕ್, ಟಕ್. ತಾಳಕ್ಕೆ ಸೇರದ ಎರಡು ಬಡಿತ.

ಅದು ಅವಳಿಗೆ ಅಂದೂ ಕೇಳಿತ್ತು. ಒಪ್ಪಿಕೊಂಡವರು ಇವರೇ ಅಲ್ಲವೇ, ಈಗ ಮತ್ತೇಕೆ ಬಡಿಯುತ್ತಾರೆ ಎಂದು ಸಿಟ್ಟು ಬಂದು ಇನ್ನೂ ಜೋರಾಗಿ ನೇಯ್ದಿದ್ದಳು. ಟೇಪಿನಲ್ಲೂ ಮಗ್ಗ ಜೋರಾಯಿತು. ಇಷ್ಟು ಅವಳಿಗೆ ಗೊತ್ತಿದ್ದದ್ದೇ. ಇದನ್ನೇ ಅವಳು ಮೂರು ತಿಂಗಳು ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟಿದ್ದಳು.

ಗೊತ್ತಿಲ್ಲದ್ದು ಆಮೇಲೆ ಬಂತು. ಪದ ಮುಗಿಯಲು ಇನ್ನೊಂದು ನುಡಿ ಇರುವಾಗ ಮತ್ತೆ ಬಡಿತ. ಟಕ್. ಟಕ್. ಸ್ವಲ್ಪ ತಡೆದು, ಮೆಲ್ಲಗೆ, ಇನ್ನೊಂದು. ನಂತರ ಕಬ್ಬಿಣ ನೆಲಕ್ಕೆ ಬಿದ್ದ ಸಣ್ಣ ಸದ್ದು. ಹಾಡು ಮುಗಿಯಿತು, ಹಲಗೆ ನಿಂತಿತು. ಮಗ್ಗವೊಂದೇ ಖಟಕ್ ಖಟಕ್ ಎಂದು ನಡೆಯಿತು, ಕ್ಯಾಸೆಟ್ಟು ತೀರುವವರೆಗೂ ನಡೆಯಿತು.

"ನಡುವ ಏನದು, ಬಡದಂಗ ಆತಲ್ಲ?" ಎಂದು ಮಾಸ್ತರ ಕೇಳಿದ.

"ಒಂದು ಬಡದ್ರ ಚಾ," ಎಂದಳು ಸುಶೀಲವ್ವ. "ಎರಡು ಬಡದ್ರ ಮಗ್ಗ ನಿಲ್ಲಸೂದು."

"ಮೂರು ಬಡದ್ರ?"

"ಮೂರಕ್ಕ ಏನೂ ಇಟ್ಟಿರಲಿಲ್ರಿ."

ಕಾಶೀಂಸಾಬನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು, ತಿಳಿದ ಮೇಲೆ ಅವನ ಮುಖವೇ ಇಳಿದುಹೋಯಿತು.

"ಬಾಯಿ ಬಿಟ್ಟು ಕರೀಬಾರದೇನೋ ಹುಚ್ಚಪ್ಪ!" ಎಂದು ಖಾಲಿ ಜಾಗವನ್ನು ನೋಡಿ ಕೂಗಿದ. "ಒಂದ ಸಲ ಓಡತೈತಿ ಅಂತ ನಾನ ಹೇಳಿದ್ನೆವಾ, ತಂಗೆವ್ವ. ನಡುವ ನಿಲ್ಲಿಸಬ್ಯಾಡ ಅಂತ ನಾನ ಹೇಳಿದ್ದೆ." ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತ.

ಸುಶೀಲವ್ವ ಅವನನ್ನೇ ನೋಡುತ್ತ ಕೂತಳು. ಅಳಬೇಕಾದವಳು ತಾನು ಎಂದು ಗೊತ್ತಾಯಿತು. ಅಳು ಬರಲಿಲ್ಲ.

"ಮೊದಲಿನ ಎರಡು ನನಗ ಕೇಳಿದ್ವು, ಅಣ್ಣಾರ," ಎಂದಳು. "ಕೇಳಿದ್ರೂ ನಿಲ್ಲಿಸಲಿಲ್ಲ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ, ಆಗಲಿಲ್ಲ. ಎದ್ದು ಚಹಾಕ್ಕೆ ಇಟ್ಟಳು.

ಲೋಟ ಕೈಗೆ ಕೊಡುವಾಗ ಮಾಸ್ತರ ತಲೆ ತಗ್ಗಿಸಿಯೇ ಹೇಳಿದ. "ಅಕ್ಕಾರ, ಆ ಬಡಿತ, ಮಗ್ಗ, ಒಂದೂ ಉಳೀದಂಗ ತಗೀತೀನ್ರಿ. ಮಂದಿಗೆ ಗೊತ್ತಾಗೂದಿಲ್ಲ."

"ತಗೀಬ್ಯಾಡ್ರಿ, ಮಾಸ್ತರ."

"ಯಾಕ್ರಿ?"

"ತಗದ್ರ ಮನ್ಯಾಗ ಅವರೊಬ್ರ ಇದ್ದಂಗ ಆಗತೈತಿ. ನಾ ಅಲ್ಲೇ ಇದ್ದೆ."

ಮಾಸ್ತರ ಇದ್ದದ್ದನ್ನು ಇದ್ದ ಹಾಗೆಯೇ ಮೊಬೈಲಿಗೆ ತುಂಬಿಕೊಂಡ. ಮರುದಿನ ಇಬ್ಬರೂ ಹೊಳೆಮಣ್ಣೂರಿಗೆ ಹೋಗಿ ಇಮಾಮಸಾಬನಿಗೆ ಕೇಳಿಸಿದರು. ಟೇಪಿನ ಬಳಗದ ವಾಟ್ಸಾಪ್ ಗುಂಪಿಗೂ ಹಾಕಿದರು. ಗುಂಪಿನಲ್ಲಿ ಮಹಾದೇವಪ್ಪನ ನಂಬರು ಇನ್ನೂ ಇತ್ತು, ಆ ಮೊಬೈಲು ಸುಶೀಲವ್ವನ ಹತ್ತಿರವೇ ಇತ್ತು.

ಮೂರನೆಯ ದಿನ ಅವಳು ಮಗ್ಗದಲ್ಲಿ ಕೂತಿದ್ದಾಗ ಮೊಬೈಲು ಸದ್ದು ಮಾಡಿತು. ಇಮಾಮಸಾಬನ ಮೊಮ್ಮಗಳು ಇಷ್ರತ ಮಾತಾಡಿ ಕಳಿಸಿದ್ದಳು. ಸುಶೀಲವ್ವ ನೇಯುವುದನ್ನು ಬಿಟ್ಟು ಕಿವಿಗೆ ಹಿಡಿದಳು.

"ಎಲ್ಲಾರಿಗೂ ಸಲಾಮ್ರಿ. ಅಜ್ಜ ನಾಕು ಸಲ ಕೇಳ್ಯಾನ್ರಿ, ಭಾಳ ಖುಷಿಯಾಗ್ಯಾನ. ಹಾಡಿನ ಹಿಂದ ಮಗ್ಗ ನಡಸ್ಯಾರಲ್ರಿ, ಅವರು ಯಾರಂತ ಕೇಳಾಕತ್ಯಾನ. ನಮ್ಮ ಮೇಳದಾಗೂ ಇಂಥಾ ತಾಳದಾಂವ ಒಬ್ಬ ಇರಲಿಲ್ಲಂತ. ಎಲ್ಲೂ ಒಂಚೂರೂ ತಪ್ಪಿಲ್ಲ ನೋಡು ಅಂತಾನ್ರಿ."

ಕೆಳಗೆ ಗುಂಪಿನವರು ಒಬ್ಬರಾದ ಮೇಲೊಬ್ಬರು ಕೈ ಮುಗಿದಿದ್ದರು. ಕಾಶೀಂಸಾಬ ಏನೂ ಹಾಕಿರಲಿಲ್ಲ. ಸುಶೀಲವ್ವ ಇನ್ನೊಮ್ಮೆ ಕೇಳಿ ಮೊಬೈಲನ್ನು ಪಕ್ಕಕ್ಕೆ ಇಟ್ಟಳು. ತಲೆ ಎತ್ತಿ ನೋಡಿದರೆ ಪಡಸಾಲೆಯ ಕಂಬ ಅವಳು ಕೂತಲ್ಲಿಂದ ಕಾಣುತ್ತಿತ್ತು.

ಮುದುಕ ಹೇಳಿದ್ದು ಖರೇ. ಎಲ್ಲೂ ತಪ್ಪಿರಲಿಲ್ಲ. ಒಂದು ಸಲವೂ ನಿಂತಿರಲಿಲ್ಲ.