ಕ ಬಂದ ಕಡೆ ತ

“ನೀರಲ್ಲಮ್ಮಾ, ಕಿಟಕಿ. ಕಿಟಕಿ ಹಾಕು ಅಂತಿದಾರೆ ಅಪ್ಪ.”

ಮಗಳ ಮಾತಿಗೆ ತಾಯಿ ಲೋಟ ಹಿಡಿದುಕೊಂಡೇ ನಿಂತಳು. ಹಾಸಿಗೆಯ ಮೇಲಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಬಿಸಿಲಿಗೋ ಬೇಸರಕ್ಕೋ ಅವಳಿಗೆ ತಿಳಿಯಲಿಲ್ಲ. ಕಿಟಕಿ ಹಾಕಿ, ಯಾರಿಗೂ ಬೇಡವಾದ ನೀರನ್ನು ತಾನೇ ಗಟಗಟ ಕುಡಿದು, ಹೊಲಿಗೆ ಮಿಷನ್ನಿನ ಮುಂದೆ ಹೋಗಿ ಕೂತಳು.

ಮಗಳು ಕಾಲೇಜಿಗೆ ಹೊರಡುವುದಕ್ಕೆ ಇನ್ನೊಂದು ವಾರವಿತ್ತು. ಸಣ್ಣ ಕಾಲೇಜು. ಮೊದಲ ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಹಿಡಿಸುತ್ತಾರಂತೆ. ಹಾಸ್ಟೆಲ್ ಅಂದರೆ ಅದರ ಹಿಂದಿನ ಒಂದು ಹಳೇ ಮನೆಯಂತೆ. ಆದರೆ ಅವಳು ಓದಬೇಕೆಂದು ಹಟ ಹಿಡಿದಿದ್ದ ಸಸ್ಯಶಾಸ್ತ್ರ ಅಲ್ಲಿತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ತಾಯಿ ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗೊತ್ತಿ ಮಗಳ ಬಟ್ಟೆ ಹೊಲಿಯುತ್ತಿದ್ದಳು. ತೋಳು ಸ್ವಲ್ಪ ಸಡಿಲ ಬಿಟ್ಟಿದ್ದಳು, ಹಾಸ್ಟೆಲ್ ಊಟಕ್ಕಾದರೂ ಮೈಕೈ ತುಂಬಿಕೊಂಡೀತು ಎಂದು.

ಗಂಡ ಬಸ್ ಕಂಡಕ್ಟರ್ ಆಗಿದ್ದ. ಅವನು ಸ್ಟಾಪಿನ ಹೆಸರು ಕೂಗಿದರೆ ಹಿಂದಿನ ಬಸ್ಸಿನವರೂ ಇಳಿದುಬಿಡುತ್ತಾರೆ ಎಂದು ಡ್ರೈವರ್ ತಮಾಷೆ ಮಾಡುತ್ತಿದ್ದ. ಹೋದ ವರ್ಷ ಲಕ್ವ ಹೊಡೆದು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಂಡಿತು. ಆಮೇಲೆ ಬಂದ ಮಾತು, ಬಾಯಿಗೆ ಬಟ್ಟೆ ತುರುಕಿಕೊಂಡವನ ಮಾತು. ಅವನ ಮಗ್ಗುಲಲ್ಲೇ ಕೂತು ಓದಿಕೊಳ್ಳುತ್ತಿದ್ದ ಮಗಳಿಗೆ ಮಾತ್ರ ಅದು ತಿಳಿಯುತ್ತಿತ್ತು. ತಾಯಿ ಮಿಷನ್ನಿನ ಸದ್ದಿನ ನಡುವೆ “ಏನಂತೆ ಕೇಳೇ” ಎಂದು ಕೂಗಿ, ಮಗಳು ಹೇಳಿದ್ದನ್ನು ಮಾಡಿಕೊಂಡು ಹೋಗಿದ್ದಳು. ಹಾಗೆ ಗಂಡನ ಜೊತೆ ನೇರವಾಗಿ ಮಾತಾಡುವುದೇ ತಪ್ಪಿಹೋಗಿತ್ತು.

ಅವತ್ತು ಸಂಜೆ ಮಗಳು ಅಮ್ಮನನ್ನು ಪಾಠಕ್ಕೆ ಕೂರಿಸಿದಳು. “ನೋಡಮ್ಮಾ, ಅಪ್ಪನ ನಾಲಿಗೆ ಹಿಂದಕ್ಕೆ ಹೋಗಲ್ಲ. ಕ ಬಂದ ಕಡೆ ತ ಅಂತಾರೆ, ಗ ಬಂದ ಕಡೆ ದ. ಅಷ್ಟೇ. ಅಪ್ಪಾ, ನನ್ನ ಕರಿ.”

“ದುಂಡಿ,” ಅಂದ ಅಪ್ಪ.

ಚಿಕ್ಕಂದಿನಲ್ಲಿ ಗುಂಡುಗುಂಡಗಿದ್ದಳೆಂದು ಅವನೇ ಇಟ್ಟ ಹೆಸರು ಗುಂಡಿ. “ಈಗ ಒಣಗಿ ಕಡ್ಡಿಯಾದರೂ ಗುಂಡೀನೇ,” ಎಂದಳು ತಾಯಿ. ಮೂವರೂ ನಕ್ಕರು. ಆದರೆ ಅವನು ನಾಲ್ಕು ಮಾತು ಒಟ್ಟಿಗೆ ಆಡಿದ ಕೂಡಲೇ ಅವಳಿಗೆ ತಲೆಬುಡ ಹತ್ತಲಿಲ್ಲ. ಸಿಕ್ಕುಬಿದ್ದ ದಾರವನ್ನು ಎಷ್ಟು ಹೊತ್ತಾದರೂ ಕೂತು ಬಿಡಿಸುವವಳು, ಇಲ್ಲಿ ಮಾತ್ರ “ಒಲೆ ಮೇಲೆ ಏನೋ ಇದೆ” ಎಂದು ಎದ್ದುಹೋಗುತ್ತಿದ್ದಳು.

ಹೊರಡುವ ಹಿಂದಿನ ದಿನ ದಾರ ಮುಗಿದು ಮಿಷನ್ನು ನಿಂತಿತ್ತು. ಅವಳು ಅವರಿಬ್ಬರಿಗೆ ಬೆನ್ನು ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಿಂದಿನಿಂದ ಗಂಡನ ದನಿ ಬಂತು.

“ಹೋದಲಿ ಅವಳು... ತಳಿಸು.”

“ಏನಂತೆ?” ತಾಯಿ ಅಭ್ಯಾಸಬಲದಿಂದ ಕೇಳಿದಳು.

“ಹೋಗೋದು ಬೇಡ ಅಂತಿದಾರೆ. ಮುಂದಿನ ವರ್ಷ ನೋಡೋಣ ಅಂತಿದಾರೆ.”

ತಾಯಿ ತಿರುಗಿದಳು. ಗಂಡನ ಎಡಗೈ ಗಾಳಿಯಲ್ಲಿ ‘ಅಲ್ಲ, ಅಲ್ಲ’ ಎಂದು ಆಡುತ್ತಿತ್ತು. ಮಗಳು ಅವನ ಕಡೆ ನೋಡದೆ, ಟ್ರಂಕಿಗೆ ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು.

“ಅವರು ಹಾಗನ್ನಲಿಲ್ಲ ಕಣೇ.”

“ನಿಂಗೇನು ಗೊತ್ತಾಗುತ್ತೆ? ಕಿಟಕಿ ಅಂದರೆ ನೀರು ತರೋಳು ನೀನು!” ಮಗಳ ದನಿ ಒಡೆಯಿತು. “ನಾನು ಹೋದರೆ ಇವರು ಯಾರ ಹತ್ರ ಮಾತಾಡಬೇಕು? ಸಾಯ್ತಿದೀನಿ ಅಂದರೂ ನೀನು ನೀರೇ ತರ್ತೀಯ.”

ತಾಯಿಗೆ ಕೆನ್ನೆಗೆ ಹೊಡೆದಂತಾಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ನೆಲದಲ್ಲಿ ಕೂತು, ಹೊರಗೆ ಬಿದ್ದಿದ್ದ ಬಟ್ಟೆಗಳನ್ನು ಮತ್ತೆ ಮಡಿಸತೊಡಗಿದಳು.

“‘ಹೋಗಲಿ, ಕಳಿಸು’ ಅಂದರು,” ಎಂದಳು. “ನನಗೆ ಕೇಳಿಸಿತು.”

ಗಂಡ ಮಗಳನ್ನು ದಾಟಿ ಅವಳನ್ನೇ ನೋಡಿ ತಲೆಯಾಡಿಸಿದ. ಮಗಳು ಹಾಸಿಗೆಯ ಅಂಚಿಗೆ ಹಣೆ ಒತ್ತಿಕೊಂಡು ಬಿಕ್ಕಿದಳು. ಯಾರೂ ಅವಳಿಗೆ ಸಮಾಧಾನ ಹೇಳಲಿಲ್ಲ. ಟ್ರಂಕು ಮಾತ್ರ ನಿಧಾನವಾಗಿ ತುಂಬಿತು.

ಮಾರನೇ ದಿನ ಮಗಳನ್ನು ಬಸ್ಸು ಹತ್ತಿಸಿ ತಾಯಿ ಮನೆಗೆ ಬಂದಳು. “ಹೋದಳು ಕಣ್ರೀ. ಮುಂದುಗಡೆಯೇ ಸೀಟು ಸಿಕ್ಕಿತು,” ಎಂದಳು.

ಅವನು ಮಾತಾಡಲು ಶುರುಮಾಡಿದ. ಉದ್ದದ ಮಾತು. ವರ್ಷದಿಂದ ಮಗಳ ಬಾಯಲ್ಲಿ ಹೇಳಿಸಲಾಗದೆ ಉಳಿಸಿಕೊಂಡದ್ದೆಲ್ಲ ಒಟ್ಟಿಗೆ ಹೊರಬಿದ್ದಂತಿತ್ತು. ಕಣ್ಣಿಂದ ನೀರಿಳಿದು ಕಿವಿಯ ಹತ್ತಿರ ಹೋಗುತ್ತಿತ್ತು. ಅವಳು ತ ಹುಡುಕಿದಳು, ದ ಹುಡುಕಿದಳು. ಎಲ್ಲ ಕಲಸಿಹೋಗಿತ್ತು.

“ಏನಂದ್ರಿ?”

ಅವನು ಮತ್ತೆ ಹೇಳಿದ. ‘ಹೂಂ, ತಿಳೀತು’ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಹೊರಗಿನ್ನೂ ಬೆಳಕಿತ್ತು, ಆದರೂ ಅವನ ತುಟಿ ಚೆನ್ನಾಗಿ ಕಾಣಲೆಂದು ಹೋಗಿ ದೀಪ ಹಾಕಿದಳು. ಸ್ಟೂಲನ್ನು ಅವನ ಮುಖದ ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಅವನು ಉಗುಳು ನುಂಗಿ ತುಟಿ ತೆರೆದ.