ನಮ್ಮವರು ಕೆಡಿಸಿದ ಆಲ್ಬಂ

ನನ್ನ ತಮ್ಮನಿಗೆ ಅನ್ಯಾಯವಾಗಿ ಮೂವತ್ತು ವರ್ಷವಾಯಿತು. ಅನ್ಯಾಯ ಮಾಡಿದವರು ನನ್ನ ಗಂಡ. ಹಾಗಂತ ತಮ್ಮ ಹೇಳುತ್ತಾನೆ. ಊಟಕ್ಕೆ ಕೂತಾಗ ಹೇಳುತ್ತಾನೆ, ಆಸ್ಪತ್ರೆಗೆ ಯಾರನ್ನಾದರೂ ನೋಡಲು ಬಂದಾಗ ಹೇಳುತ್ತಾನೆ, ನನ್ನ ಮಗಳ ಮದುವೆಯಲ್ಲಿ ಫೋಟೋದವನು ಎಲ್ಲರೂ ನಗಿ ಎಂದ ಹೊತ್ತಿನಲ್ಲೂ ಹೇಳಿದ್ದಾನೆ. "ಭಾವ, ನೀವು ಏನೇ ಅನ್ನಿ, ನನ್ನ ಗಂಟಲು ಹಿಸುಕಿಬಿಟ್ರಿ." ನಮ್ಮವರು ಪ್ರತಿಸಲವೂ "ಹೌದಪ್ಪ" ಎಂದು ಒಂದು ಗುಟುಕು ನೀರು ಕುಡಿಯುತ್ತಾರೆ.

ಸಂಗತಿ ಇಷ್ಟೇ. ಆಗ ನಮ್ಮದೊಂದು ರಾಕ್ ಬ್ಯಾಂಡ್ ಇತ್ತು. ತಮ್ಮ ಗಿಟಾರ್ ಹಿಡಿದು ಹಾಡುತ್ತಿದ್ದ, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಬೇಸ್ ಗಿಟಾರಿಗೆ ಬಾಯೇ ಬಿಡದ ಒಬ್ಬ ಗೆಳೆಯನಿದ್ದ; ಈಗ ಹಲ್ಲಿನ ಡಾಕ್ಟರಾಗಿ ಬೇರೆಯವರ ಬಾಯಿ ಬಿಡಿಸುತ್ತಿದ್ದಾನೆ. ಒಂದೇ ಒಂದು ಆಲ್ಬಂ ಮಾಡಿದೆವು. ಸ್ಟುಡಿಯೋದ ಗಾಜಿನ ಆಚೆ ಕೂತಿದ್ದ ತೆಳ್ಳಗಿನ ಮನುಷ್ಯ ನಮ್ಮ ಒಂದೊಂದು ವಾದ್ಯವನ್ನೂ ಒಂದೊಂದು ಟ್ರ್ಯಾಕಿನಲ್ಲಿ ಹಿಡಿದಿಟ್ಟು, ನಮ್ಮನ್ನು ಮನೆಗೆ ಕಳಿಸಿ, ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು ಎಂದು ತಾನೇ ತೀರ್ಮಾನಿಸಿ ಎಲ್ಲವನ್ನೂ ಬೆರೆಸಿದ. ಆ ಮಿಕ್ಸಿನಲ್ಲಿ ತಮ್ಮನ ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು. ಅವನ ಉದ್ದುದ್ದದ ಗಿಟಾರ್ ಸೋಲೋಗಳು ಅರ್ಧಕ್ಕೇ ಮಾಯವಾಗಿದ್ದವು. ಆಲ್ಬಂ ಇಟ್ಟ ಇಟ್ಟ ಅಂಗಡಿಯಲ್ಲೆಲ್ಲ ಖಾಲಿಯಾಯಿತು. ತಮ್ಮನ ಪ್ರಕಾರ ಅಷ್ಟು ಕೆಡಿಸಿದ ಮೇಲೂ ಖಾಲಿಯಾಯಿತು. ನಾನು ಆ ತೆಳ್ಳಗಿನ ಮನುಷ್ಯನನ್ನು ಮದುವೆಯಾದೆ.

ಮದುವೆಗೆ ಕಾರಣ ಮೂರನೆಯ ಹಾಡು. ಆ ಹಾಡಿಗೆ ಮಾತ್ರ ಗಿಟಾರುಗಳನ್ನು ಯಂತ್ರದ ಟಿಕ್‌ಟಿಕ್ ಕೇಳಿಕೊಂಡು ಮೊದಲೇ ನುಡಿಸಿಟ್ಟಿದ್ದರು, ಡ್ರಮ್ಸನ್ನು ನಾನು ಕೊನೆಗೆ ಸೇರಿಸಿದ್ದೆ. ಮಿಕ್ಸ್ ಆದ ಮೇಲೆ ಕೇಳಿದರೆ ಮೊದಲಿಂದ ಕೊನೆಯವರೆಗೆ ಎಳ್ಳಷ್ಟೂ ಆಚೀಚೆ ಹೋಗದ ಲಯ. "ಇದು ನಾನೇನಾ?" ಎಂದು ಬಾಯಿ ತೆರೆದೆ. "ಮತ್ತಿನ್ಯಾರು? ಕೋಲು ಇದ್ದದ್ದು ನಿಮ್ಮ ಕೈಲಿ ತಾನೆ?" ಎಂದರು ಅವರು. ಹಾಗೆನ್ನುವಾಗ ಅವರ ಕಿವಿ ಕೆಂಪಾಗಿತ್ತು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಬ್ಯಾಂಡ್ ಮುರಿದ ಮೇಲೆ ಆ ಹಾಡಿನ ಹೆಸರು ಹೇಳಿಕೊಂಡೇ ಮಹಡಿಯ ಮೇಲೆ ಡ್ರಮ್ಸ್ ಕ್ಲಾಸ್ ತೆರೆದೆ. ಬಂದವರೆಲ್ಲ ಮೊದಲ ದಿನವೇ ಕೇಳುವುದು ಮೂರನೆಯ ಹಾಡು. ನಡುವೆ ಲಯ ತಪ್ಪುತ್ತಾರೆ, ನಾನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. "ಇದನ್ನ ನಾನು ಒಂದೇ ಸಲಕ್ಕೆ ಬಾರಿಸಿದ್ದು, ಗೊತ್ತಾಯ್ತಾ?" ವೇದಿಕೆಯ ಮೇಲೆ ಅದು ಒಂದು ಸಲವೂ ನನಗೆ ಹಾಗೆ ಬರಲಿಲ್ಲ, ನಿಜ. ಅದಕ್ಕೆ ಲೈಟು ಕಾರಣ, ಜನ ಕಾರಣ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಕಾರಣ.

ಹೀಗಿರುವಾಗ ರೆಕಾರ್ಡ್ ಕಂಪನಿಗೆ ಹಳೆಯ ಆಲ್ಬಂ ಮತ್ತೆ ಮಾರುವ ಹುಮ್ಮಸ್ಸು ಬಂತು. ಈ ಸಲ "ಕಲಾವಿದರೇ ಕೂತು ಮಾಡಿದ ಹೊಸ ಮಿಕ್ಸ್" ಅಂತೆ. ಕಲಾವಿದರು ಎಂದರೆ ನನ್ನ ತಮ್ಮ. ಅವನು ತನ್ನ ಗ್ಯಾರೇಜಿನ ಗೋಡೆಗೆಲ್ಲ ಸ್ಪಂಜ್ ಹೊಡೆಸಿ, ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಿಂಗಳುಗಟ್ಟಲೆ ಒಳಗೇ ಕೂತ. ಒಂದು ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದ. "ಭಾವನೂ ಬರ್ಲಿ. ಏನು ಕಳ್ಕೊಂಡಿದ್ವಿ ಅಂತ ಅವರೇ ಕಿವಿಯಾರ ಕೇಳ್ಲಿ."

ಗ್ಯಾರೇಜಿನಲ್ಲಿ ಎರಡು ಸ್ಪೀಕರುಗಳ ಸರಿ ನಡುವೆ ಒಂದು ಒಳ್ಳೆಯ ಕುರ್ಚಿ ಇತ್ತು. ಅದರಲ್ಲಿ ಅವನು ಕೂತ. ನಮಗೆ ಹಿಂದಿನ ಹಳೆಯ ಸೋಫಾ. ಮೊದಲು ಹಳೆಯ ಮಿಕ್ಸ್ ಹಾಕಿದ, ಮೆಲ್ಲಗೆ. ಆಮೇಲೆ ಹೊಸದು ಹಾಕಿದ, ಜೋರಾಗಿ.

"ಎರಡನ್ನೂ ಒಂದೇ ಜೋರಲ್ಲಿ ಇಟ್ಟು ಕೇಳ್ಸಪ್ಪ," ಎಂದರು ನಮ್ಮವರು. "ಜೋರಾಗಿರೋದು ಯಾವಾಗ್ಲೂ ಚೆನ್ನಾಗೇ ಕೇಳತ್ತೆ."

"ಅದೆಲ್ಲ ನಿಮ್ಮ ಕಾಲದ ಮಾತು ಭಾವ."

ಮೊದಲನೆಯ ಹಾಡು. ಹಳೆಯದರಲ್ಲಿ ತಮ್ಮನ ದನಿ ದೂರದಲ್ಲೆಲ್ಲೋ ಇತ್ತು, ಏನು ಹೇಳುತ್ತಿದ್ದಾನೆ ಎಂದು ಕಿವಿಗೊಟ್ಟು ಕೇಳಬೇಕೆನಿಸುತ್ತಿತ್ತು. ಹೊಸದರಲ್ಲಿ ಅವನು ನೇರ ಬಂದು ನಮ್ಮ ತೊಡೆಯ ಮೇಲೆ ಕೂತು ಹಾಡಿದ. ಉಸಿರು ಕೇಳಿತು, ಎಂಜಲು ನುಂಗಿದ್ದು ಕೇಳಿತು, ಶ್ರುತಿ ಮನೆ ಬಿಟ್ಟು ಹೋಗಿ ಪೇಚಾಡಿ ಮರಳಿದ್ದೂ ಕೇಳಿತು. "ಪ್ರಾಮಾಣಿಕತೆ ಅಂದ್ರೆ ಇದು," ಎಂದ ತಮ್ಮ, ಕಣ್ಣು ಮುಚ್ಚಿಕೊಂಡು. ತನ್ನ ತಪ್ಪು ತನಗೇ ಕೇಳಿಸದಂಥ ಕಿವಿ ಎಲ್ಲರಿಗೂ ಸಿಗುವುದಿಲ್ಲ. ಎರಡನೆಯ ಹಾಡಿನಲ್ಲಿ ಗಿಟಾರ್ ಸೋಲೋ ಪೂರ್ತಿಯಾಗಿ ಮರಳಿತ್ತು. ನಾನು ಎದ್ದು ಹೋಗಿ ಕೈಕಾಲು ತೊಳೆದು ಬಂದೆ, ಇನ್ನೂ ನಡೆಯುತ್ತಿತ್ತು.

ಮೂರನೆಯ ಹಾಡು. ಹಳೆಯದನ್ನು ಕೇಳಿ ನಾನು ಎಂದಿನಂತೆ ಬೀಗಿದೆ. ಹೊಸದು ಶುರುವಾಯಿತು. ಮೊದಲ ಚರಣ ಹೇಗೋ ದಾಟಿತು. ಎರಡನೆಯದಕ್ಕೆ ಬರುವ ಹೊತ್ತಿಗೆ ಡ್ರಮ್ಸಿಗೆ ಏನೋ ಅವಸರ. ಪಲ್ಲವಿಯಲ್ಲಂತೂ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಓಟ ಕಿತ್ತಿತು, ಆಮೇಲೆ ಏದುಸಿರು ಬಿಡುತ್ತಾ ಹಿಂದೆ ಬಿತ್ತು. ಗಿಟಾರಿನದು ಒಂದು ದಾರಿ, ಡ್ರಮ್ಸಿನದು ಇನ್ನೊಂದು ದಾರಿ. ನನ್ನ ಮೈ ಉರಿದುಹೋಯಿತು.

"ನಿಲ್ಸೋ ಅದನ್ನ! ಯಾವ ಕತ್ತೆ ಕೈಲಿ ಬಾರಿಸ್ದೆ ಇದನ್ನ? ನನ್ನ ಡ್ರಮ್ಸ್ ತೆಗೆದುಹಾಕಿ ಯಾರನ್ನೋ ಕರ್ಕೊಂಡು ಬಂದು ಕೂರ್ಸಿದೀಯ, ನಾಚಿಕೆ ಆಗಲ್ವಾ?"

"ಅಕ್ಕಾ..."

"ನನ್ನ ಕ್ಲಾಸಿಗೆ ನಿನ್ನೆ ಸೇರಿದವ್ರೂ ಇದಕ್ಕಿಂತ ಚೆನ್ನಾಗಿ ಬಾರಿಸ್ತಾರೆ! ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ ಕಾಲಿದೆ ಅನ್ನೋದೇ ಗೊತ್ತಿಲ್ಲ ಇವನಿಗೆ. ಲಯ ಅನ್ನೋದು ಇವನ ವಂಶದಲ್ಲೇ ಇಲ್ಲ!"

ತಮ್ಮ ಉಳಿದ ವಾದ್ಯಗಳನ್ನೆಲ್ಲ ಮುಚ್ಚಿ, ಡ್ರಮ್ಸಿನ ಟ್ರ್ಯಾಕೊಂದನ್ನೇ ಬಿಟ್ಟ. ಹಾಡು ಕುಂಟಿಕೊಂಡು ಕೊನೆ ಮುಟ್ಟಿತು, ಕೊನೆಯ ತಾಳದ ಸದ್ದು ಅಡಗಿತು. ಆಮೇಲೆ ಒಬ್ಬ ಹುಡುಗಿ ಉಸಿರು ಬಿಡುತ್ತಾ ನಕ್ಕು ಕೇಳಿದಳು: "ಬಂತಾ? ಚೆನ್ನಾಗಿ ಬಂತಾ?"

ಅದು ನನ್ನ ದನಿ.

ನಮ್ಮವರು ತಮ್ಮ ಬೂಟಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು.

"ಭಾವ," ಎಂದ ತಮ್ಮ, "ಹಳೇದ್ರಲ್ಲಿ ಇದು ಹೇಗೆ ಸರಿಹೋಯ್ತು?"

"ಎರಡನೇ ಚರಣಕ್ಕಿಂತ ಮುಂಚೆ ಒಂದು ಕಡೆ ಲಯ ಚೆನ್ನಾಗಿ ಕೂತಿತ್ತು," ಎಂದರು ಅವರು, ಬೂಟಿಗೇ ಹೇಳುವಂತೆ. "ಅಷ್ಟನ್ನೇ ಬೇರೆ ಟೇಪಿಗೆ ಇಳಿಸ್ಕೊಂಡು, ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆ ಥರ ಮಾಡ್ದೆ. ಹಾಡು ಮುಗಿಯೋ ತನಕ ಅದನ್ನೇ ಸುತ್ತಿಸ್ದೆ."

ಅಂದರೆ ನನ್ನ ಕೀರ್ತಿಯ ಒಟ್ಟು ಉದ್ದ ಎರಡು ಮೊಳ ಟೇಪು. ಉಳಿದದ್ದು ಕತ್ತರಿ ಮತ್ತು ಅಂಟು.

ಕಾರಿನಲ್ಲಿ ನಾನು ಸುಮ್ಮನೆ ಕೂರಲಿಲ್ಲ. "ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ? ಲಯ ತಪ್ಪಿತು ಅಂತ ನಾನು ಊರಿಗೆಲ್ಲ ಬೈಕೊಂಡು ಓಡಾಡ್ತಿದ್ನಲ್ಲ, ಒಳಗೊಳಗೇ ನಗ್ತಿದ್ರಾ?"

"ನಗ್ಲಿಲ್ಲ ಕಣೆ. ಅವತ್ತೇ ಹೇಳೋಣ ಅಂತಿದ್ದೆ. ನೀನು 'ಇದು ನಾನೇನಾ' ಅಂದೆಯಲ್ಲ, ಆ ಮುಖ ನೋಡಿ ಬಾಯಿ ಬರ್ಲಿಲ್ಲ. ಆಮೇಲೆ ಮದುವೆ ಆಯ್ತು. ಆಮೇಲೆ ಕ್ಲಾಸ್ ತೆಗೆದೆ. ಯಾವಾಗ ಹೇಳ್ಬೇಕಿತ್ತು, ನೀನೇ ಹೇಳು."

ನನಗೆ ಆ ಪ್ರಶ್ನೆಗೂ ಸಿಟ್ಟು ಬಂತು.

ಮರುದಿನ ತಮ್ಮನ ಫೋನು. "ಅಕ್ಕಾ, ನೀನು ಹೇಳ್ದಂಗೆ ಮಾಡ್ತೀನಿ. ಬೇಕಿದ್ರೆ ಆ ಹಾಡಿಗೆ ಭಾವ ಮಾಡಿದ್ದನ್ನೇ ಇಟ್ಬಿಡೋಣ. ಯಾರಿಗೂ ಗೊತ್ತಾಗಲ್ಲ." ಅವನು ನನ್ನನ್ನು ಯಾವುದಕ್ಕಾದರೂ ಕೇಳಿದ್ದೇ ಹೆಚ್ಚು. ಒಪ್ಪಿಕೊಂಡಿದ್ದರೆ ಕ್ಲಾಸು ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು. ಆದರೆ ಹಿಂದಿನ ದಿನದಿಂದ ಟೇಪಿನ ಆ ಹುಡುಗಿಯ ಪ್ರಶ್ನೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಗಂಡನ ಕತ್ತರಿಗೆ ಸಿಕ್ಕ ಹೊಗಳಿಕೆಗಿಂತ ನನ್ನ ಕೈಗೆ ಸಿಗುವ ಉಗಿತವೇ ವಾಸಿ ಅನ್ನಿಸಿತು. "ನಂದನ್ನೇ ಹಾಕೋ," ಎಂದೆ. ಇನ್ನು ಆರು ತಿಂಗಳಲ್ಲಿ ಮಹಡಿ ಖಾಲಿಯಾಗುತ್ತದೆ, ಬಾಡಿಗೆಗೆ ಕೊಡಬಹುದು ಎಂದು ನಮ್ಮವರಿಗೆ ಹೇಳಿದೆ.

ಹೊಸ ಮಿಕ್ಸ್ ಹೊರಬಂತು. ವಿಮರ್ಶಕರೆಂಬ ಜನ ಇದ್ದಾರಲ್ಲ, ಅವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರು. ತಮ್ಮನ ಸೋಲೋ ಸ್ವಲ್ಪ ಉದ್ದವಾಯಿತು ಎಂದರು. ಮೂರನೆಯ ಹಾಡಿಗೆ ಬಂದಾಗ ಮಾತ್ರ ನಿಂತು ಕೈಮುಗಿದರು. ಹಳೆಯ ಮಿಕ್ಸಿನ ಡ್ರಮ್ಸ್ ನಿರ್ಜೀವ ಯಂತ್ರವಂತೆ. ಹೊಸದರಲ್ಲಿ ಹೆಣ್ಣೊಬ್ಬಳ ಎದೆ ಬಡಿತವಿದೆಯಂತೆ. ಗಿಟಾರಿನ ಜೊತೆ ಬೇಕೆಂದೇ ನಡೆಸಿದ ಎಳೆದಾಟವಂತೆ! "ಇಂಥ ಜೀವಂತ ಕೈಯನ್ನು ಮೂವತ್ತು ವರ್ಷ ಉಸಿರುಗಟ್ಟಿಸಿದ ಮಿಕ್ಸಿಂಗ್ ಎಂಜಿನಿಯರನ್ನು ಕ್ಷಮಿಸುವುದು ಕಷ್ಟ" ಎಂದು ಒಬ್ಬ ಬರೆದ. ನಮ್ಮವರು ಅದನ್ನು ತಾವೇ ಗಟ್ಟಿಯಾಗಿ ಓದಿ, "ಚೆನ್ನಾಗಿ ಬರ್ದಿದಾನೆ," ಎಂದರು. ಕ್ಲಾಸಿಗೆ ಸೇರಲು ಮೆಟ್ಟಿಲ ಮೇಲೆ ಜನ ನಿಂತರು. ಔಷಧಿ ಅಂಗಡಿಯಲ್ಲಿ ಯಾರೋ ನಮ್ಮವರನ್ನು ತಡೆದು, "ಆ ಆಲ್ಬಂ ಕೆಡಿಸಿದ್ದು ನೀವೇ ಅಲ್ವಾ?" ಎಂದು ಕೇಳಿದರಂತೆ.

ನನ್ನಿಂದ ತಡೆಯಲಾಗಲಿಲ್ಲ. ನಾನು ಹೊಗಳಿಸಿಕೊಳ್ಳಲಿ ಎಂದು ಸುಮ್ಮನಿದ್ದವರು, ಈಗ ನನ್ನ ತಪ್ಪಿಗೆ ತಾವು ಬೈಸಿಕೊಂಡೂ ಸುಮ್ಮನಿದ್ದರು. ರೇಡಿಯೋದವರು ಸಂದರ್ಶನಕ್ಕೆ ಕರೆದಾಗ ನಾನೇ ಮೈಕಿಗೆ ಬಾಯಿಟ್ಟು ಸ್ಪಷ್ಟವಾಗಿ ಹೇಳಿದೆ:

"ನೋಡಿ, ಎಳೆದಾಟವೂ ಇಲ್ಲ, ಎದೆ ಬಡಿತವೂ ಇಲ್ಲ. ನಂಗೆ ಲಯ ತಪ್ಪಿತ್ತು. ನಮ್ಮವರು ಒಳ್ಳೇದೊಂದು ತುಂಡು ಹುಡುಕಿ, ಅದನ್ನೇ ಸುತ್ತಿಸಿ ನನ್ನ ಮಾನ ಉಳಿಸಿದ್ರು."

ನಿರೂಪಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಬ್ಬಾ, ಎಂಥ ವಿನಯ ಮೇಡಂ! ನಿಮ್ಮ ಪ್ರತಿಭೆಯನ್ನ ತುಳಿದವ್ರನ್ನೂ ಬಿಟ್ಟುಕೊಡ್ತಿಲ್ವಲ್ಲ!" ಮರುದಿನದಿಂದ ನಾನು ವಿನಯಕ್ಕೂ ಹೆಸರಾದೆ. ನಮ್ಮವರ ಪಾಲಿಗೆ ಇದ್ದ ಬೈಗುಳಕ್ಕೆ ಹೆಂಡತಿಯ ಬಾಯಿ ಮುಚ್ಚಿಸಿದವರು ಎಂಬುದೂ ಸೇರಿತು.

ಆ ವಾರ ಕ್ಲಾಸಿಗೆ ನನ್ನ ಹಳೆಯ ವಿದ್ಯಾರ್ಥಿನಿ ಬಂದಳು. ಆಕೆ ನರ್ಸು, ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬರುವವಳು. ವರ್ಷಗಟ್ಟಲೆ ನನ್ನ ಬೈಗುಳ ತಿಂದು, ಹಳೆಯ ಮಿಕ್ಸಿನ ಆ ಲಯವನ್ನು ಒಂದು ಕೂದಲೂ ಅಲುಗದಂತೆ ಕಲಿತಿದ್ದಳು. ಯಂತ್ರಕ್ಕೆ ಸಮವಾಗಿ ಬಾರಿಸಬಲ್ಲ ಒಬ್ಬಳು ಈ ಭೂಮಿಯ ಮೇಲೆ ಇದ್ದರೆ ಅದು ಅವಳು, ನಾನಂತೂ ಅಲ್ಲ.

"ಮೇಡಂ, ಅದು ಬಂತು. ಈಗ ಹೊಸದನ್ನ ಹೇಳ್ಕೊಡಿ," ಎಂದಳು. "ಎಲ್ಲೆಲ್ಲಿ ಓಡಿಸ್ಬೇಕು, ಎಲ್ಲೆಲ್ಲಿ ಹಿಂದೆ ಬೀಳ್ಬೇಕು, ಗೊತ್ತಾಗ್ತಿಲ್ಲ."

ಕೋಲು ಹಿಡಿದು ಕೂತೆ. ನನಗೂ ಗೊತ್ತಾಗಲಿಲ್ಲ. ಮೆಟ್ಟಿಲಿಗೆ ಬಂದು ಕೆಳಗೆ ಕೂಗಿದೆ. ನಮ್ಮವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದು, ಏನೆಂದು ಕೇಳಿ, ಸ್ವಲ್ಪ ಸಂಕೋಚಪಟ್ಟರು. ಆಮೇಲೆ ಮೇಜಿನ ಅಂಚಿನ ಮೇಲೆ ಎರಡು ಬೆರಳಿನಿಂದ ಶುರುಮಾಡಿದರು. ಹಾಡು ಹಾಕಿಕೊಳ್ಳಲಿಲ್ಲ. "ಇಲ್ಲಿ ಸ್ವಲ್ಪ ಮುಂದೆ ಹೋಗ್ತಾಳೆ. ಇಲ್ಲಿ ಪೆಡಲ್ ಒಂದು ಬಿಟ್ಟುಹೋಗತ್ತೆ. ಇಲ್ಲಿ ಓಡ್ತಾಳೆ, ಓಡ್ತಾಳೆ, ಈಗ ಗಾಬರಿಯಾಗಿ ನಿಧಾನ ಮಾಡ್ತಾಳೆ." ಕೊನೆಯ ಏಟಿನವರೆಗೂ ಒಂದೂ ಬಿಡಲಿಲ್ಲ.

ನಾವು ಕಡಿಮೆ ಜಗಳವಾಡಿದ ಗಂಡ ಹೆಂಡತಿಯಲ್ಲ. ತಟ್ಟೆ ಎಸೆದದ್ದಿದೆ, ತಿಂಗಳು ಮಾತು ಬಿಟ್ಟದ್ದಿದೆ, ನಿಮ್ಮಿಂದ ಏನಾಯಿತು ಎಂದು ನಾನು ಹಂಗಿಸಿದ್ದಿದೆ. ನನ್ನ ಒಂದೊಂದು ತಪ್ಪೂ ಆ ಬೆರಳುಗಳಿಗೆ ಬಾಯಿಪಾಠವಿತ್ತು, ಒಂದು ಜಗಳದಲ್ಲೂ ಅವರು ಅದನ್ನು ಹೊರಗೆ ತೆಗೆದಿರಲಿಲ್ಲ. ನರ್ಸಿನ ಎದುರಿಗೇ ನನಗೆ ಅಳು ಬಂತು.