ಅಟ್ಟದ ಮೇಲಿನ ಕೊಡಲಿ

ಸ್ನಾನದ ತೊಟ್ಟಿ ಮುಕ್ಕಾಲು ತುಂಬಿದ್ದಾಗ ಡಾರ್ಲಾಳ ತಲೆಯ ಮೇಲೆ ಹಲಗೆ ಕಿರುಗುಟ್ಟಿತು. ಅತ್ತೆ ಅಟ್ಟ ಹತ್ತಿದ್ದಾಳೆಂದು ತಿಳಿಯಲು ಎದ್ದು ಹೋಗಿ ನೋಡಬೇಕಾಗಿರಲಿಲ್ಲ. ಸಮುದ್ರದ ಮೇಲೆ ಯಾವುದಾದರೂ ಚಂಡಮಾರುತಕ್ಕೆ ಹೆಸರಿಟ್ಟರೆಂದರೆ ಸಾಕು, ಕ್ಲೋತಿಲ್ ಮುದುಕಿ ಮಡಚುವ ಏಣಿಯನ್ನು ಎಳೆದುಕೊಂಡು, ಜಪಮಾಲೆ, ನೀರಿನ ಬಾಟಲಿ, ಬಿಸ್ಕತ್ತಿನ ಡಬ್ಬಿ ಹಿಡಿದು ಮೇಲೆ ಹೋಗಿ ಕೊಡಲಿಯ ಪಕ್ಕ ಕೂತುಬಿಡುತ್ತಿದ್ದಳು. ಉಳಿದ ದಿನ ಚರ್ಚಿನ ಮೆಟ್ಟಿಲಿಗೂ ಗೊಣಗುವ ಅವಳ ಮಂಡಿಗಳು ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಿದ್ದವು.

ಅಟ್ಟದಲ್ಲಿ ಕೊಡಲಿ ಇಡುವುದು ಪಾಯಿಂಟ್ ಲಾಸಲ್‌ನಲ್ಲಿ ವಿಶೇಷವೇನಲ್ಲ. ಲೂಯಿಸಿಯಾನಾದ ಈ ತೀರದಲ್ಲಿ ನೀರು ಏರಿದರೆ ಜನ ಅಟ್ಟ ಹತ್ತುತ್ತಾರೆ. ಅಟ್ಟಕ್ಕೂ ನೀರು ಬಂದರೆ ಚಾವಣಿ ಕಡಿದು ಹೊರಗೆ ಬರಬೇಕು. ಕೊಡಲಿ ಮರೆತವರ ಕಥೆಯನ್ನು ಇಲ್ಲಿ ಯಾರೂ ಊಟದ ಹೊತ್ತಿನಲ್ಲಿ ಎತ್ತುವುದಿಲ್ಲ.

ಕ್ಲೋತಿಲ್‌ಳ ಗಂಡ ಫೆಲಿಸಿಯೆನ್ ಕೊಡಲಿ ಮರೆತಿರಲಿಲ್ಲ. ಒಡ್ಡು ಒಡೆದ ವರ್ಷ ಇದೇ ಅಟ್ಟದಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು ಅವನು ಚಾವಣಿ ಕಡಿದ. ಮೂರು ಏಟು, ಒಂದು ಉಸಿರು, ಮತ್ತೆ ಮೂರು ಏಟು. ಆದ ಕಂಡಿಯಲ್ಲಿ ಹೆಂಡತಿಯನ್ನು ಹೊರಕ್ಕೆ ನೂಕಿದ. ಆಯುಸ್ಸೆಲ್ಲ ಸೀಗಡಿ ಬಲೆ ಎಳೆದು ಹರಡಿದ್ದ ಅವನ ಭುಜಗಳು ಮಾತ್ರ ಅದರಲ್ಲಿ ಹಿಡಿಯಲಿಲ್ಲ. ಕಂಡಿಯನ್ನು ಇನ್ನಷ್ಟು ಕಡಿಯೋಣವೆಂದರೆ ಕೊಡಲಿ ಜಾರಿ ನೀರಿಗೆ ಬಿದ್ದಿತ್ತು. ಚಾವಣಿಯ ಮೇಲೆ ಬೋರಲಾಗಿ ಮಲಗಿ ಕ್ಲೋತಿಲ್ ಅವನ ಮಣಿಕಟ್ಟು ಹಿಡಿದುಕೊಂಡಳು. ದೋಣಿಯವರು ಬಂದು ಬಿಡಿಸುವವರೆಗೂ ಹಿಡಿದಿದ್ದಳು ಎಂದು ಊರು ಹೇಳುತ್ತದೆ. ಅವಳು ಹೇಳುವುದು ಬೇರೆ. ಬೆಳಗಾಗುವುದಕ್ಕೆ ಮುಂಚೆಯೇ ಕೈ ಮರಗಟ್ಟಿತು, ಬಿಟ್ಟುಬಿಟ್ಟೆ ಎನ್ನುತ್ತಾಳೆ.

ನೀರು ಇಳಿದ ಮೇಲೆ ಮಗ ಲೇಲಂಡ್ ಆ ಕಂಡಿಗೆ ಹೊಸ ಹಲಗೆ ಹೊಡೆದ. ಹಳೆಯ ಕಪ್ಪು ಮರದ ನಡುವೆ ಅದು ಇವತ್ತಿಗೂ ಬೆಳ್ಳಗೆ ಕಾಣುತ್ತದೆ. ಪ್ರತಿ ಬಿರುಗಾಳಿಗೂ ಮುದುಕಿ ಅದರ ಅಡಿಯಲ್ಲೇ ಕೂರುತ್ತಾಳೆ. ಫೆಲಿಸಿಯೆನ್ ಕಡಿಯುವುದು ತನಗೆ ಕೇಳಿಸುತ್ತದೆ ಎನ್ನುತ್ತಾಳೆ. ಡಾರ್ಲಾ ಮದುವೆಯಾಗಿ ಬಂದಾಗಿನಿಂದ ಅದನ್ನು ಕೇಳಿ ಕೇಳಿ, ಸಡಿಲ ತಗಡು ಬಡಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದಳು.

ಈ ಸಲದ ಚಂಡಮಾರುತ ಟೆಕ್ಸಾಸಿನ ಕಡೆ ತಿರುಗಿತ್ತು. ಊರು ಬಿಡಿ ಎಂದು ಯಾರೂ ಹೇಳಿರಲಿಲ್ಲ. ಟಗ್ ಬೋಟಿನಲ್ಲಿ ಕೆಲಸಕ್ಕಿದ್ದ ಲೇಲಂಡ್ ಬೆಳಿಗ್ಗೆಯೇ ಫೋನ್ ಮಾಡಿ, ನಮಗೆ ಬರೀ ಮಳೆ, ಗಾಬರಿ ಬೇಡ ಎಂದಿದ್ದ. ಆದರೂ ರೂಢಿ ರೂಢಿಯೇ. ಕರೆಂಟು ಹೋದರೆ ಕೊಳೆಯುತ್ತದೆಂದು ಡಾರ್ಲಾ ಫ್ರೀಜರಿನಲ್ಲಿದ್ದ ಸೀಗಡಿ, ಬೆಂಡೆಕಾಯಿಯನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದು ಗಂಬೋ ಸಾರು ಕುದಿಯಲಿಟ್ಟಿದ್ದಳು. ನಲ್ಲಿ ನಿಂತರೆ ಬೇಕಾಗುತ್ತದೆಂದು ತೊಟ್ಟಿಗೆ ನೀರು ಬಿಟ್ಟಿದ್ದಳು. ನಡುಮಧ್ಯಾಹ್ನವಾದರೂ ಕಿಟಕಿಯ ಆಚೆ ಬೆಳಕು ಹಸಿರಾಗಿತ್ತು. ಆ ಹಸಿರು ಅವಳಿಗೆ ಹಿಡಿಸಲಿಲ್ಲ.

ಜೇಬಿನಲ್ಲಿದ್ದ ಫೋನ್ ಒಮ್ಮೆಗೇ ಕಿರುಚಿತು. ಸುಂಟರಗಾಳಿ, ಕೂಡಲೇ ಆಸರೆ ಹುಡುಕಿ ಎಂದಿತ್ತು. ದೂರದ ಚಂಡಮಾರುತ ಒಮ್ಮೊಮ್ಮೆ ಹೀಗೆ ತನ್ನ ಮರಿಗಳನ್ನು ಇತ್ತ ಅಟ್ಟುತ್ತದೆ. ನೀರಿಗೆ ಮೇಲೆ ಹತ್ತಬೇಕು, ಸುಂಟರಗಾಳಿಗೆ ಕೆಳಗಿಳಿಯಬೇಕು. ಮನೆಯ ನಟ್ಟನಡುವಿನ ಕಿಟಕಿಯಿಲ್ಲದ ಕೋಣೆಯಲ್ಲಿ, ತೊಟ್ಟಿಯೊಳಗೆ, ಮೇಲೊಂದು ಹಾಸಿಗೆ ಎಳೆದುಕೊಂಡು. ಆ ತೊಟ್ಟಿಯನ್ನು ಅವಳು ಈಗಷ್ಟೇ ತನ್ನ ಕೈಯಾರೆ ತುಂಬಿಸಿದ್ದಳು. ಬಿರಡೆ ಎಳೆದು, ಹಾಸಿಗೆಯನ್ನು ಬಚ್ಚಲ ಬಾಗಿಲಿಗೆ ತಂದು ನಿಲ್ಲಿಸಿ ಏಣಿಯತ್ತ ಓಡಿದಳು.

ಅಟ್ಟದ ಬಾಯಿ ಇಕ್ಕಟ್ಟು, ಡಾರ್ಲಾ ದೊಡ್ಡ ಆಳು. ಅವಳ ಮದುವೆಯ ದಿನ, ಲೇಲಂಡ್ ಹೆಂಡ್ತಿ ತಂದ್ನೋ ಹಡಗು ತಂದ್ನೋ ಎಂದು ನಗಿಸಿದ್ದವಳೂ ಇದೇ ಮುದುಕಿ. ತಲೆ ಮತ್ತು ಒಂದು ಕೈಯನ್ನಷ್ಟೇ ಮೇಲೆ ತೂರಿಸಿ ಡಾರ್ಲಾ ಕರೆದಳು. ಈಗ ದೊಡ್ಡವರಾಗಿ ಬೇರೆ ಊರು ಸೇರಿರುವ ಮಕ್ಕಳು ಹುಟ್ಟಿದ ಮೇಲೆ ಅತ್ತೆಯನ್ನು ಅವಳೂ ಮಕ್ಕಳಂತೆಯೇ ಮಾಮೇರ್, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದಳು.

"ಮಾಮೇರ್, ಇಳೀರಿ. ಇದು ನೀರಲ್ಲ, ಸುಂಟರಗಾಳಿ."

"ಮೊದಲು ಗಾಳಿ ಬರತ್ತೆ, ಅದರ ಹಿಂದೆ ನೀರು. ನಂಗೆ ಹೇಳ್ಕೊಡ್ತೀಯಾ?"

"ನೀರು ಬರಲ್ಲ ಈ ಸಲ. ಚಂಡಮಾರುತ ಟೆಕ್ಸಾಸಿಗೆ ಹೋಯ್ತು ಅಂತ ಟೀವೀಲಿ ಹೇಳಿದ್ರಲ್ಲ."

"ಅವತ್ತೂ ಹಂಗೇ ಹೇಳಿದ್ರು, ಟೈ ಕಟ್ಕೊಂಡು." ಮುದುಕಿ ಬೆರಳೆತ್ತಿದಳು. "ಸುಮ್ನಿರು. ಕೇಳು. ಕಡೀತಿದ್ದಾರೆ."

ಡಾರ್ಲಾ ಕೇಳಿಸಿಕೊಳ್ಳಬಾರದೆಂದುಕೊಂಡೇ ಕೇಳಿಸಿಕೊಂಡಳು. ಬೆಳ್ಳನೆಯ ಹಲಗೆಗಳ ಹಿಂದೆ ಟಕ್, ಟಕ್, ಟಕ್ ಎಂದು ಬಡಿದು ನಿಂತಿತು. ತಗಡು, ಎಂದುಕೊಂಡಳು. ಆ ತಗಡನ್ನು ಲೇಲಂಡ್ ಹೋದ ವರ್ಷವೇ ಕಿತ್ತೆಸೆದದ್ದು ಆಮೇಲೆ ನೆನಪಾಯಿತು. ಮತ್ತೆ ಮೂರು ಸಲ ಬಡಿಯಿತು.

"ನಾನಿಳಿದ್ರೆ ಅವರಿಗೆ ಇಲ್ಲಿ ಯಾರಿದ್ದಾರೆ?" ಎಂದಳು ಮುದುಕಿ. "ಒಂದ್ಸಲ ಬಿಟ್ಟಾಗಿದೆ. ಇನ್ನೊಂದ್ಸಲ ಬಿಡಲ್ಲ."

ಇವಳನ್ನು ಇಲ್ಲೇ ಬಿಟ್ಟು ಇಳಿದುಬಿಡೋಣವೇ ಎಂಬ ಯೋಚನೆ ಡಾರ್ಲಾಳಿಗೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ವಾದ ಮಾಡಲು ಹೊತ್ತಿರಲಿಲ್ಲ. ಕೈಗೆಟುಕುವಷ್ಟು ದೂರದಲ್ಲೇ ಕೊಡಲಿ ಇತ್ತು, ನೀರಿಳಿದ ಮೇಲೆ ಅಟ್ಟದಲ್ಲೇ ಸಿಕ್ಕ ಫೆಲಿಸಿಯೆನ್‌ನ ಅದೇ ಕೊಡಲಿ, ಕಾವು ಮಾತ್ರ ಹೊಸದು. ಅದನ್ನು ಸರ್ರನೆ ಎಳೆದುಕೊಂಡಳು.

"ಕೊಡಲಿ ಕೆಳಗೆ ಹೋಗ್ತಿದೆ, ಮಾಮೇರ್. ಬರೋದಾದ್ರೆ ಬನ್ನಿ."

ಮುದುಕಿ ಅವಳನ್ನು ಕಳ್ಳಿ ಎಂದಳು, ಗಂಡುಬೀರಿ ಎಂದಳು, ಈ ತೀರದ ಹಳಬರಾಡುವ ಫ್ರೆಂಚಿನಲ್ಲಿ ಇನ್ನೂ ಏನೇನೋ ಅಂದಳು. ಅನ್ನುತ್ತಲೇ ಕೊಡಲಿಯ ಹಿಂದೆ ಏಣಿ ಇಳಿದಳು. ಆದರೆ ಬಚ್ಚಲ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ತೊಟ್ಟಿಯಲ್ಲಿ ಇನ್ನೂ ಅರ್ಧ ನೀರಿತ್ತು.

"ನೀರಿಗೆ ಇಳಿಯಲ್ಲ ನಾನು."

"ಹೋಗ್ತಿದೆ ನೋಡಿ. ಕೆಳಗೆ ಹೋಗ್ತಿದೆ."

ನೀರು ಸುಳಿ ಸುತ್ತಿಕೊಂಡು ಗೊಳಗೊಳ ಇಳಿಯುವುದನ್ನು ಮುದುಕಿ ದಿಟ್ಟಿಸಿದಳು. ಹೊರಗೆ ಪೀಕನ್ ಮರ ಮುರಿದ ಸದ್ದಾಯಿತು. ಡಾರ್ಲಾ ಇನ್ನು ಕಾಯಲಿಲ್ಲ. ಅತ್ತೆಯನ್ನು ಮಗುವಿನಂತೆ ಎತ್ತಿ ತೊಟ್ಟಿಯೊಳಗೆ ಕೂರಿಸಿ, ಕೊಡಲಿಯನ್ನು ಕಾಲ ಬಳಿ ಹಾಕಿ, ಬಾಗಿಲು ಮುಚ್ಚಿ, ಅವಳ ಮೇಲೆ ಬಾಗಿ ಕೂತು ಹಾಸಿಗೆ ಎಳೆದುಕೊಂಡಳು. ತಣ್ಣನೆಯ ನೀರು ಇಬ್ಬರ ತೊಡೆಯನ್ನೂ ತೋಯಿಸಿತು. ಆಮೇಲೆ ಕಬ್ಬಿನ ಗಿರಣಿಯೊಂದು ಮನೆಯೊಳಕ್ಕೇ ಬಂದಂಥ ಮೊರೆತ. ಕಿವಿ ಕಟ್ಟಿತು, ಮನೆ ನಡುಗಿತು, ತಲೆಯ ಮೇಲೆ ಏನೋ ಬಹಳ ದೊಡ್ಡದು ಬೇರುಸಹಿತ ಎದ್ದುಹೋಯಿತು.

ಸದ್ದು ಅಡಗಿದಾಗ ಮಳೆಯ ದನಿ ಒಳಗೇ ಕೇಳುತ್ತಿತ್ತು. ಡಾರ್ಲಾ ಹಾಸಿಗೆ ಸರಿಸಿದಳು. ತೊಲೆಯೊಂದು ಬಿದ್ದು ತಲೆಯ ಮೇಲಿನ ಸೀಲಿಂಗ್ ಹೊಟ್ಟೆ ಬಿಟ್ಟು ಜೋತುಬಿದ್ದಿತ್ತು, ನೋಡುತ್ತಿದ್ದಂತೆಯೇ ಇನ್ನಷ್ಟು ಇಳಿಯುತ್ತಿತ್ತು. ಬಾಗಿಲು ತಳ್ಳಿದರೆ ಅಲುಗಲಿಲ್ಲ. ಹೊರಗೆ ಗೋಡೆ ಒರಗಿತ್ತು. ಬೇಸಿನ್ನಿನ ಕೊಳವೆ ಮುರಿದು ನೀರು ಭುಸ್ಸೆಂದು ಚಿಮ್ಮಿ ನೆಲದಲ್ಲಿ ನಿಲ್ಲತೊಡಗಿತು.

"ಹೇಳಿದ್ನಲ್ಲ," ಎಂದಳು ಮುದುಕಿ ಬಹಳ ಮೆಲ್ಲಗೆ. "ಹಿಂದೆ ನೀರು ಅಂತ."

ಡಾರ್ಲಾ ಕೊಡಲಿ ಎತ್ತಿದಳು. ಬಾಗಿಲಿನ ಮೇಲಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು, ಅಲ್ಲಿ ಮಾತ್ರ ಹೊರಗಿನ ಗೋಡೆ ತಾಗಿರಲಿಲ್ಲ, ಅಲ್ಲಿಗೇ ಬೀಸಿದಳು. ಮೂರು ಏಟಿಗೆ ತೋಳು ಸೋತವು. ಒಮ್ಮೆ ಉಸಿರೆಳೆದುಕೊಂಡು ಮತ್ತೆ ಮೂರು ಏಟು ಹಾಕಿದಳು. ಬೆನ್ನ ಹಿಂದೆ ಅತ್ತೆ ಶುರುಮಾಡಿದ್ದ ಜಪದ ಪಿಸುದನಿ ನಿಂತುಹೋದದ್ದು ಅವಳ ಗಮನಕ್ಕೆ ಬಂತು. ತಿರುಗಿ ನೋಡಲು ಧೈರ್ಯ ಬರಲಿಲ್ಲ, ಕಡಿಯುತ್ತಲೇ ಹೋದಳು.

ಕಂಡಿಯಾಯಿತು. ತೊಟ್ಟಿಯ ಅಂಚಿನ ಮೇಲೆ ನಿಂತು ಮುದುಕಿಯನ್ನು ಎತ್ತಿ ಕಂಡಿಯಲ್ಲಿ ಹೊರಕ್ಕೆ ನೂಕಿದಳು. ಒಣಗಿದ ಮೈ, ಸುಲಭವಾಗಿ ಆಚೆ ಜಾರಿತು. ಆಮೇಲೆ ತನ್ನ ತಲೆ, ಒಂದು ಕೈ ತೂರಿಸಿದಳು. ಭುಜಗಳು ಸಿಕ್ಕಿಕೊಂಡವು. ಕೊಡಲಿ ಹಿಂದೆ ನೀರಿಗೆ ಬಿದ್ದ ಸದ್ದಾಯಿತು. ಸೀಲಿಂಗ್ ನರಳಿತು. ಸಾಯುತ್ತೇನೆ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

ಆಗ ಮಣಿಕಟ್ಟನ್ನು ಯಾರೋ ಹಿಡಿದರು. ಇಟ್ಟಿಗೆ ಹಲಗೆಗಳ ರಾಶಿಯ ಮೇಲೆ ಕ್ಲೋತಿಲ್ ಬೋರಲಾಗಿ ಮಲಗಿದ್ದಳು, ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಕಣ್ಣು ಡಾರ್ಲಾಳನ್ನು ನೋಡುತ್ತಿದ್ದವೋ ಇಲ್ಲವೋ ಹೇಳುವುದು ಕಷ್ಟ.

"ಭುಜ ಓರೆ ಮಾಡ್ಕೊಳ್ಳಿ," ಎಂದಳು. ಸೊಸೆಯನ್ನು ಅವಳು ಎಂದೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. "ಎಡಗೈ ಒಳಗೇ ಇರ್ಲಿ, ಮೈಗೆ ಒತ್ಕೊಳ್ಳಿ. ಉಸಿರು ಪೂರಾ ಬಿಟ್ಬಿಡಿ. ಹಾಂ. ಇಷ್ಟು ವರ್ಷ ಯೋಚ್ನೆ ಮಾಡಿದೀನಿ, ಹೀಗೇ ಆಗೋದು. ನಾನು ಬಿಡಲ್ಲ."

ಡಾರ್ಲಾ ಓರೆಯಾದಳು. ಉಸಿರು ಬಿಟ್ಟಳು. ಅಂಗಿ ಹರಿಯಿತು, ಚರ್ಮ ಸುಲಿಯಿತು, ಅವಳು ಆಚೆ ಬಂದು ಬಿದ್ದಳು. ಇಬ್ಬರೂ ಅಂಗಳಕ್ಕೆ ತೆವಳುವಷ್ಟರಲ್ಲಿ ಬಚ್ಚಲು ಕುಸಿಯಿತು.

ಮನೆಗೆ ಚಾವಣಿ ಇರಲಿಲ್ಲ. ಅಟ್ಟ ಇದ್ದ ಕಡೆ ಬೂದುಬಣ್ಣದ ಆಕಾಶವಿತ್ತು. ಒಲೆಯ ಮೇಲೆ ಗಂಬೋ ಪಾತ್ರೆ ಮಾತ್ರ ಇಟ್ಟಲ್ಲೇ ಕೂತಿತ್ತು. ಮಳೆ ನಿಂತ ಮೇಲೆ ಅಕ್ಕಪಕ್ಕದವರು ಬಂದರು. ಒಬ್ಬಳು ಡಾರ್ಲಾಳ ಭುಜಕ್ಕೆ ಬಟ್ಟೆ ಕಟ್ಟಿದಳು, ಇನ್ನೊಬ್ಬಳು ಕಾಫಿ ತಂದಳು. ಲೇಲಂಡ್‌ನ ಫೋನ್ ಬಂತು. ಅವನು ಅತ್ತ, ಇವಳೂ ಅತ್ತಳು. ಅಟ್ಟ ಹೋಯಿತು ಎಂದು ಹೇಳಿದಾಗ ಅಮ್ಮ ಎಲ್ಲಿ ಎಂದು ಅವನು ಕೂಗಿದ. ನನ್ನ ಪಕ್ಕದಲ್ಲೇ ಇದ್ದಾರೆ ಎಂದಳು.

ಕೊಡಲಿ ಹುಡುಕಿ ಕೊಡಲೇ ಎಂದು ಪಕ್ಕದ ಮನೆಯವನು ಕೇಳಿದ. ಬೇಡ ಬಿಡಪ್ಪ ಎಂದಳು ಮುದುಕಿ.

ಡಾರ್ಲಾ ಎಡಗೈಯಲ್ಲಿ ಕಾಫಿ ಕುಡಿದಳು. ಬಲಗೈ ಮಣಿಕಟ್ಟು ಇನ್ನೂ ಅತ್ತೆಯ ಹಿಡಿತದಲ್ಲಿತ್ತು, ಬೆರಳಿನ ಗುರುತುಗಳು ನೀಲಿಗಟ್ಟುತ್ತಿದ್ದವು. ಬಿಡಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಮುರಿದ ಮನೆಯ ಒಳಗೆಲ್ಲೋ ಹಲಗೆಯೊಂದು ಬಡಿಯಿತು, ಮೂರು ಸಲ, ಆಮೇಲೆ ನಿಂತಿತು. ಡಾರ್ಲಾ ತಟ್ಟನೆ ತಲೆಯೆತ್ತಿ ಆ ಕಡೆ ನೋಡಿದಳು. ಮುದುಕಿ ನೋಡಲಿಲ್ಲ.